ಶಿಲಾಶೋಧಕ ರಾಬರ್ಟ್ ಬ್ರೂಸ್ ಫೂಟ್



ನಮ್ಮ ಧಾರಾವಿಯ ಮನೆಗಳಲ್ಲಿ ಅಡಿಗೆಯ ಕಟ್ಟೆಗೆ ಹಾಸಿದ ಕರಿಯ ಕಲ್ಲನ್ನು ಎಲ್ಲರೂ ಕಡಪಾ ಎಂದು ಕರೆಯುತ್ತಾರೆ. ನೆಲಕ್ಕೆ ಹಾಸಿದ ಬೂದುಬಣ್ಣದ ಫರಸಿಗೆ ಶಹಾಬಾದಿ ಎಂಬ ಹೆಸರುಂಟು. ದಿನವೂ ಅದರ ಮೇಲೆ ಕುಳಿತು ಉಣ್ಣುವ, ಅದರ ಮೇಲೆಯೇ ಮಲಗುವ ನಿಮ್ಮಲ್ಲಿ ಎಷ್ಟು ಮಂದಿ ಆ ಹೆಸರುಗಳ ಅರ್ಥವನ್ನು ವಿಚಾರಿಸಿದ್ದೀರಿ? ಕಡಪಾ ಎಂಬುದು ಆಂಧ್ರದ ಒಂದು ಊರು. ಶಹಾಬಾದವು ನಮ್ಮ ಕಲಬುರಗಿ ಜಿಲ್ಲೆಯ ಊರು. ನಿಮ್ಮ ತಂದೆತಾಯಿಗಳು ರೈಲು ಹತ್ತಿ ಈ ನಗರಕ್ಕೆ ಬಂದಂತೆ ಆ ಕಲ್ಲುಗಳೂ ಅಲ್ಲಿಂದಲೇ ಬಂದವು. ಆ ಎರಡು ಬಗೆಯ ಕಲ್ಲುಗಳ ನಾಡನ್ನು ನೂರೈವತ್ತು ವರ್ಷಗಳ ಹಿಂದೆ ಕಾಲ್ನಡಿಗೆಯಿಂದ ಅಳೆದು ನಕ್ಷೆ ಬರೆದವರು ಇಬ್ಬರು ಗೆಳೆಯರು. ಕಡಪಾ ಸೀಮೆಯನ್ನು ವಿಲಿಯಂ ಕಿಂಗ್ ಎಂಬವರು ಶೋಧಿಸಿದರು. ಕೃಷ್ಣೆ, ಭೀಮೆ, ಘಟಪ್ರಭೆಗಳ ಸೀಮೆಯನ್ನು ಶೋಧಿಸಿದವರು ರಾಬರ್ಟ್ ಬ್ರೂಸ್ ಫೂಟರು. ಈ ಫೂಟರ ಜೀವನಚರಿತ್ರೆಯನ್ನು ನಿಮಗೆ ಹೇಳಬೇಕೆಂಬುದು ನನ್ನ ಬಹುದಿನಗಳ ಆಸೆ.

ಆ ಆಸೆಗೆ ಕಾರಣವೊಂದುಂಟು. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಬಂದವನು. ನಮ್ಮೂರ ಬೇವಿನಕಟ್ಟೆಯ ಮೇಲೆ ಅಂಗೈಯಗಲದ, ಎಣ್ಣೆ ಸವರಿದಂತೆ ನುಣುಪಾದ ನಾಲ್ಕಾರು ಕರಿಗಲ್ಲುಗಳಿದ್ದವು. ಸಿಡಿಲು ಬಡಿದಾಗ ಮುಗಿಲಿನಿಂದ ಬಿದ್ದ ಕಲ್ಲುಗಳವು ಎಂದು ಅಜ್ಜಿ ಹೇಳುತ್ತಿದ್ದಳು. ಹಬ್ಬಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದಳು. ಊರ ಹಿಂದೆ ಒಂದು ಗುಡ್ಡವಿತ್ತು. ಬಂಡೆಯ ಮೇಲೆ ಯಾರೋ ಕೊರೆದ ಗೂಳಿಗಳ ಚಿತ್ರಗಳನ್ನು ನೋಡಲು ದನಕಾಯುವ ಹುಡುಗರಾದ ನಾವು ಅಲ್ಲಿಗೆ ಹತ್ತುತ್ತಿದ್ದೆವು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಲ್ಲಿ ಜಲ್ಲಿಯ ಯಂತ್ರ ಬಂದಿತು. ನನ್ನ ತಂದೆಯೂ ಅಲ್ಲಿಯೇ ಕೂಲಿಗೆ ಹೋದರು. ಆ ಕೂಲಿಯ ಹಣದಿಂದಲೇ ನನ್ನ ಪರೀಕ್ಷೆಯ ಶುಲ್ಕ ಸಂದಿತು. ನಾನು ತೇರ್ಗಡೆಯಾದೆನು, ಗೂಳಿಗಳಿದ್ದ ಬಂಡೆ ಜಲ್ಲಿಯಾಯಿತು. ಇದರಲ್ಲಿ ತಪ್ಪು ಯಾರದೆಂದು ನಾನು ಇಂದಿಗೂ ನಿರ್ಣಯಿಸಲಾರೆ. ಆದರೆ ಬೇವಿನಕಟ್ಟೆಯ ಕಲ್ಲುಗಳು ಮುಗಿಲಿನಿಂದ ಬಿದ್ದವುಗಳಲ್ಲವೆಂದೂ ನಾಲ್ಕು ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿನ ರೈತರು ಉಜ್ಜಿ ಮಾಡಿದ ಕೊಡಲಿಗಳೆಂದೂ ನನಗೆ ತಿಳಿದುದು ಫೂಟರ ವಿಷಯವನ್ನು ಓದಿದ ಮೇಲೆಯೇ.

ರಾಬರ್ಟ್ ಬ್ರೂಸ್ ಫೂಟರು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ 1834ನೆಯ ಇಸವಿ ಸೆಪ್ಟೆಂಬರ್ 22ರಂದು ಜನಿಸಿದರು. ಭಾರತದಲ್ಲಿ ಭೂಗರ್ಭ ಸರ್ವೇಕ್ಷಣ ಇಲಾಖೆ 1851ರಲ್ಲಿ ಸ್ಥಾಪಿತವಾಗಿತ್ತು. ರೈಲುಗಳಿಗೆ ಕಲ್ಲಿದ್ದಲು ಬೇಕಾಗಿತ್ತು. ಸರಕಾರಕ್ಕೆ ಲೋಹಗಳು ಬೇಕಾಗಿದ್ದವು. ಆದುದರಿಂದ ಥಾಮಸ್ ಓಲ್ಡ್‌ಹ್ಯಾಮರ ನೇತೃತ್ವದಲ್ಲಿ ತರುಣ ಶಾಸ್ತ್ರಜ್ಞರ ಒಂದು ಪಡೆ ದೇಶದ ಕಲ್ಲುಮಣ್ಣುಗಳನ್ನು ಪರೀಕ್ಷಿಸುತ್ತಿತ್ತು. 1858ರ ಡಿಸೆಂಬರಿನಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟರು ಈ ಪಡೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ಅಂದಿನಿಂದ ಮುಪ್ಪತ್ತಮೂರು ವರ್ಷ ದಕ್ಷಿಣದ ಬಿಸಿಲೇ ಅವರ ಪಾಠಶಾಲೆಯಾಯಿತು. ಗುಡಾರದಲ್ಲಿ ವಾಸ, ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಸಂಚಾರ, ಕೈಯಲ್ಲಿ ಸುತ್ತಿಗೆ, ಚೀಲದಲ್ಲಿ ಕಲ್ಲಿನ ಚೂರುಗಳು. ಹಳ್ಳದ ದಂಡೆ ಎಲ್ಲಿ ಕುಸಿದಿದೆ, ಬಾವಿ ತೋಡಿದಲ್ಲಿ ಯಾವ ಪದರ ಕಾಣುತ್ತದೆ, ದಾರಿಗಾಗಿ ಕಡಿದ ಗುಡ್ಡದ ಒಳಮೈ ಹೇಗಿದೆ ಎಂದು ನೋಡುತ್ತ ಸಾಗುವುದೇ ಅವರ ಉದ್ಯೋಗವಾಗಿತ್ತು.

1863ನೆಯ ಇಸವಿ ಮೇ 30ರಂದು ಅವರ ಬಾಳಿನ ದೊಡ್ಡ ಘಟನೆ ನಡೆಯಿತು. ಮದರಾಸಿನ ಹತ್ತಿರ ಪಲ್ಲಾವರಂ ಎಂಬಲ್ಲಿ ಸೈನಿಕರ ಕವಾಯತಿನ ಬಯಲಿನ ಪಕ್ಕದಲ್ಲಿ ಜಲ್ಲಿಗಾಗಿ ತೋಡಿದ ಸಣ್ಣ ಗುಂಡಿಯೊಂದಿತ್ತು. ಅಲ್ಲಿಂದ ಹೊರಗೆಸೆದ ಕೆಂಪು ಮುರಕಲ್ಲಿನ ರಾಶಿಯಲ್ಲಿ ಫೂಟರ ಕಣ್ಣಿಗೆ ಒಂದು ಕಲ್ಲು ಬಿದ್ದಿತು. ಅದರ ಎರಡೂ ಬದಿಗಳಲ್ಲಿ ಚಕ್ಕೆಗಳನ್ನು ಎಬ್ಬಿಸಲಾಗಿತ್ತು. ಹೊಳೆಯಲ್ಲಿ ಉರುಳಿದ ಕಲ್ಲು ಎಲ್ಲ ಕಡೆಯೂ ಗುಂಡಗಾಗುತ್ತದೆ. ಬಿಸಿಲಿಗೆ ಒಡೆದ ಕಲ್ಲು ಹೇಗೆಂದರೆ ಹಾಗೆ ಒಡೆಯುತ್ತದೆ. ಆದರೆ ಒಂದು ಅಂಚನ್ನು ಹರಿತ ಮಾಡುವುದಕ್ಕಾಗಿ ಈ ಬದಿಯಿಂದೊಮ್ಮೆ ಆ ಬದಿಯಿಂದೊಮ್ಮೆ ಕ್ರಮವಾಗಿ ಏಟು ಹಾಕುವುದು ಬುದ್ಧಿಯುಳ್ಳ ಕೈಗೆ ಮಾತ್ರ ಸಾಧ್ಯ. ಅದು ಲೋಹವನ್ನು ಕಾಣದ ಕಾಲದ ಮಾನವನ ಕೈಗೊಡಲಿ ಎಂದು ಫೂಟರು ಗುರುತಿಸಿದರು. ಜಲ್ಲಿಯೆಂದು ದಾರಿಗೆ ಸುರಿಯಲಿದ್ದ ರಾಶಿಯಿಂದ ಭಾರತದ ಹಳೆಯ ಶಿಲಾಯುಗ ಹೀಗೆ ಬೆಳಕಿಗೆ ಬಂದಿತು.

ಆ ಕಾಲವನ್ನು ನೆನಪಿಗೆ ತಂದುಕೊಂಡರೆ ಈ ಗುರುತಿನ ಬೆಲೆ ತಿಳಿಯುತ್ತದೆ. ಮನುಷ್ಯಕುಲಕ್ಕೆ ಆರು ಸಾವಿರ ವರ್ಷಗಳಿಗಿಂತ ಹೆಚ್ಚಿನ ವಯಸ್ಸಿಲ್ಲವೆಂದು ಯುರೋಪಿನ ಬಹುಜನರು ನಂಬಿದ್ದ ಕಾಲ ಅದು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ ದೊರೆತ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಕಾಲದವು ಎಂದು ಪಂಡಿತರು ಒಪ್ಪಿಕೊಂಡದ್ದು 1859ರಲ್ಲಷ್ಟೆ. ಅದಾಗಿ ನಾಲ್ಕೇ ವರ್ಷಗಳಲ್ಲಿ ದಕ್ಷಿಣ ಭಾರತದಲ್ಲಿಯೂ ಅಂಥದೇ ಆಯುಧ ದೊರೆಯಿತು. ಫೂಟರು ಒಂದು ಕಲ್ಲಿಗೇ ತೃಪ್ತರಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೆಳೆಯ ಕಿಂಗರೊಡನೆ ಅತ್ತಿರಂಪಾಕ್ಕಂ ಎಂಬ ಹಳ್ಳಿಯ ಹಳ್ಳದಲ್ಲಿ ಹುಡುಕಿದರು. ಅಲ್ಲಿ ಆಯುಧಗಳು ಮಣ್ಣಿನ ಪದರದಲ್ಲಿಯೇ ಹುದುಗಿದ್ದುದನ್ನು ಕಂಡರು. ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಎಂಬುದನ್ನೆಲ್ಲ ಬರೆದಿಟ್ಟು 1866ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಆ ಹಳ್ಳ ಇಂದಿಗೂ ಪ್ರಸಿದ್ಧವಾಗಿದೆ. ಇತ್ತೀಚಿನ ಉತ್ಖನನಗಳಿಂದ ಅಲ್ಲಿಯ ಅತಿ ಹಳೆಯ ಆಯುಧಗಳ ವಯಸ್ಸು ಸುಮಾರು ಹದಿನೈದು ಲಕ್ಷ ವರ್ಷಗಳೆಂದು 2011ರಲ್ಲಿ ಪ್ರಕಟವಾಯಿತು. ಫೂಟರು ಜಾಗವನ್ನು ಸರಿಯಾಗಿ ಬರೆದಿಡದೆ ಹೋಗಿದ್ದರೆ ಈ ಉತ್ಖನನಕ್ಕೆ ಯಾರು ಎಲ್ಲಿಗೆ ಹೋಗಬೇಕಾಗಿತ್ತು?

ಬಳಿಕ ಅವರ ಕಾರ್ಯಕ್ಷೇತ್ರ ಕನ್ನಡನಾಡಿಗೆ ತಿರುಗಿತು. ಅಂದಿನ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಂಗ್ಲಿಷರು ಆ ಸೀಮೆಯನ್ನು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಫೂಟರು ಅದರ ಭೂಗರ್ಭವನ್ನು ಶೋಧಿಸಿ 1876ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲಿನ ಪದರಗಳಿಗೆ ಕಲಾದಗಿ ಎಂಬ ಊರಿನ ಹೆಸರೂ, ಶಹಾಬಾದದ ಫರಸಿ ದೊರೆಯುವ ಸುಣ್ಣಗಲ್ಲಿನ ಪದರಗಳಿಗೆ ಭೀಮಾ ನದಿಯ ಹೆಸರೂ ಶಾಸ್ತ್ರದಲ್ಲಿ ನೆಲೆನಿಂತದ್ದು ಅವರ ಕಾಲದಲ್ಲಿಯೇ. ನಿಮ್ಮ ಮನೆಯ ನೆಲದ ಫರಸಿ ಒಂದಾನೊಂದು ಕಾಲದಲ್ಲಿ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು. ಅದಕ್ಕೆಂದೇ ಅದು ಹಾಳೆಗಳಂತೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಗೋಕಾಕದ ಸಮೀಪದಲ್ಲಿಯೇ ಫೂಟರಿಗೆ ಮಣ್ಣಿನೊಳಗಿನಿಂದ ಅಳಿದುಹೋದ ಘೇಂಡಾಮೃಗವೊಂದರ ಎಲುಬುಗಳು ದೊರೆತವು. ಆ ಜಾತಿಗೆ ದಖ್ಖನಿನ ಹೆಸರಿಟ್ಟು 1874ರಲ್ಲಿ ವರ್ಣಿಸಿದರು. ಇಂದು ಕಬ್ಬು, ಜೋಳ ಬೆಳೆಯುವ ಬೆಳಗಾವಿಯ ಸೀಮೆಯಲ್ಲಿ ಒಮ್ಮೆ ಘೇಂಡಾಮೃಗ ಮೇಯುತ್ತಿತ್ತೆಂಬುದು ಕತೆಯಲ್ಲ, ಎಲುಬಿನ ಸಾಕ್ಷಿಯುಳ್ಳ ಸಂಗತಿ.

ಫೂಟರ ಹೆಸರನ್ನು ಭೂಗರ್ಭಶಾಸ್ತ್ರದಲ್ಲಿ ಶಾಶ್ವತಗೊಳಿಸಿದ ಕೆಲಸ ಮಾತ್ರ ಇನ್ನೊಂದು. ಧಾರವಾಡದಿಂದ ಬಳ್ಳಾರಿ, ಹಟ್ಟಿ, ಕೋಲಾರದವರೆಗೆ ಬಿಡಿಬಿಡಿಯಾಗಿ ಕಾಣುವ ಕೆಲವು ಶಿಲಾಪಟ್ಟಿಗಳನ್ನು ಅವರು ಕಂಡಿದ್ದರು. ಸುತ್ತಲಿನ ಬಿಳಿಗೆಂಪು ಕಲ್ಲಿಗಿಂತ ಇವು ಬೇರೆ. ಮಡಿಕೆ ಬಿದ್ದ, ಹಸುರುಗಪ್ಪಾದ, ಕಬ್ಬಿಣದ ಪಟ್ಟೆಗಳುಳ್ಳ ಶಿಲೆಗಳು. ಇವೆಲ್ಲ ಒಂದೇ ಪ್ರಾಚೀನ ಶಿಲಾಸಮೂಹದ ತುಂಡುಗಳೆಂದು ಫೂಟರು ತರ್ಕಿಸಿ ಅದಕ್ಕೆ ಧಾರವಾಡದ ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ಶಿಲೆಗಳಲ್ಲಿಯೇ ಇದೆಯೆಂದು 1888ರ ಪ್ರಬಂಧದಲ್ಲಿ ತೋರಿಸಿದರು. ಚಿನ್ನವನ್ನು ಎಲ್ಲೆಂದರಲ್ಲಿ ಅಗೆಯಬೇಕಾಗಿಲ್ಲ, ಶಿಲೆಯನ್ನು ಗುರುತಿಸಿದರೆ ಅಗೆಯುವ ಸ್ಥಳ ತಿಳಿಯುತ್ತದೆ ಎಂಬುದು ಇದರಿಂದ ಸಿದ್ಧವಾಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯ ಗಣಿ ಇನ್ನೂ ನಡೆಯುತ್ತಿದೆ. ಪ್ರಪಂಚದ ಯಾವ ಮೂಲೆಯಲ್ಲಿ ಪ್ರಾಚೀನ ಶಿಲೆಗಳ ಚರ್ಚೆ ನಡೆದರೂ ಧಾರವಾಡದ ಹೆಸರು ಬರುವುದು ಈ ಮಹನೀಯರಿಂದ.

ಬಳ್ಳಾರಿ ಜಿಲ್ಲೆಯಲ್ಲಿ ಫೂಟರ ಎರಡು ಪ್ರೀತಿಗಳೂ ಒಂದಾದವು. ಶಿಲೆಯನ್ನು ಓದುವವರು ಶಿಲೆಯಿಂದ ಬದುಕಿದವರನ್ನೂ ಓದತೊಡಗಿದರು. ಸಂಡೂರಿನ ಬೆಟ್ಟಗಳಲ್ಲಿಯ ಕಬ್ಬಿಣದ ಅದಿರನ್ನು ಅವರು ವಿವರವಾಗಿ ಬರೆದಿಟ್ಟರು. ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಿಗೆ ಹೋದಾಗ ಅಲ್ಲಿ ಬಂಡೆಗಳ ನಡುವೆ ಕರಿಗಲ್ಲಿನ ಚಕ್ಕೆಗಳು ರಾಶಿ ಬಿದ್ದಿರುವುದನ್ನು ಕಂಡರು. ಅರ್ಧ ಮಾಡಿಬಿಟ್ಟ ಕೊಡಲಿಗಳು, ಮುರಿದ ಕೊಡಲಿಗಳು, ಉಜ್ಜಿ ನುಣುಪು ಮಾಡಿದ ಕೊಡಲಿಗಳು, ಉಜ್ಜಲು ಬಳಸಿದ ಬಂಡೆಯ ತೋಡುಗಳು ಎಲ್ಲವೂ ಅಲ್ಲಿದ್ದವು. ಬೆಟ್ಟವನ್ನು ಸೀಳಿಕೊಂಡು ಎದ್ದ ಕರಿಗಲ್ಲಿನ ಗೋಡೆಯಿಂದ ಕಲ್ಲು ತೆಗೆದು ಕೊಡಲಿ ಮಾಡುವ ಕಾರ್ಖಾನೆಯೇ ನೂತನ ಶಿಲಾಯುಗದಲ್ಲಿ ಅಲ್ಲಿತ್ತೆಂದು ಅವರು ಗ್ರಹಿಸಿದರು. ನಮ್ಮ ಧಾರಾವಿಯಲ್ಲಿ ಮನೆಮನೆಯೂ ಕಾರ್ಖಾನೆಯಾಗಿರುವಂತೆ, ಆ ಬೆಟ್ಟದ ಜನರೂ ಕಸುಬಿನವರೇ ಆಗಿದ್ದರು. ಅದೇ ಬೆಟ್ಟದ ಬಂಡೆಗಳ ಮೇಲೆ ಡುಬ್ಬದ ಗೂಳಿಗಳ ಚಿತ್ರಗಳುಂಟು. ತಟ್ಟಿದರೆ ಗಂಟೆಯಂತೆ ನಾದಗೈಯುವ ಬಂಡೆಗಳೂ ಉಂಟು.

ಅದೇ ಸೀಮೆಯಲ್ಲಿ ಬೂದಿಯ ದಿಬ್ಬಗಳೆಂಬ ವಿಚಿತ್ರವಾದ ಗುಡ್ಡೆಗಳಿವೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಹಳ್ಳಿಯ ಜನರು ನಂಬಿದ್ದರು. ಜ್ವಾಲಾಮುಖಿಯ ಬೂದಿಯೋ, ಸುಟ್ಟ ಹೆಣಗಳ ಬೂದಿಯೋ ಎಂದು ಪಂಡಿತರು ವಾದಿಸಿದರು. ಫೂಟರು ಬೂದಿಯನ್ನು ಪರೀಕ್ಷಿಸಿ, ಇದು ಶಿಲಾಯುಗದ ದನಗಾಹಿಗಳು ಕೂಡಿಹಾಕಿದ ಸಗಣಿಯ ರಾಶಿ ಸುಟ್ಟ ಬೂದಿಯೆಂಬ ಅಭಿಪ್ರಾಯಕ್ಕೆ ಬಂದರು. ಇದು ಎಲ್ಲರಿಗೂ ರುಚಿಸಲಿಲ್ಲ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೆ, 1957ರಲ್ಲಿ, ಆಲ್‌ಚಿನ್ ಎಂಬ ವಿದ್ವಾಂಸರು ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ದನಗಳ ದೊಡ್ಡಿಯ ಬೇಲಿಯ ಗುರುತೂ ಗೊರಸಿನ ಗುರುತುಗಳೂ ದೊರೆತು ಫೂಟರ ಮಾತೇ ನಿಜವಾಯಿತು. ಬಳ್ಳಾರಿಯ ಭೂಗರ್ಭವನ್ನು ಕುರಿತ ಅವರ ಗ್ರಂಥ 1895ರಲ್ಲಿ ಅಚ್ಚಾಯಿತು.

1891ರಲ್ಲಿ ಫೂಟರು ಇಲಾಖೆಯಿಂದ ನಿವೃತ್ತರಾದರು, ಕೆಲಸದಿಂದ ನಿವೃತ್ತರಾಗಲಿಲ್ಲ. ಬಡೋದೆಯ ಸಂಸ್ಥಾನಕ್ಕೆ ಹೋಗಿ ಅಲ್ಲಿಯ ಭೂಗರ್ಭವನ್ನು ಶೋಧಿಸಿದರು. ಸಾಬರಮತಿಯ ಕಣಿವೆಯಲ್ಲಿ ಶಿಲಾಯುಗದ ಆಯುಧಗಳನ್ನು ಕಂಡುಹಿಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಕೊನೆಗೆ ಶೇವರಾಯ್ ಬೆಟ್ಟದ ಏರ್ಕಾಡಿನಲ್ಲಿ ಮನೆ ಮಾಡಿಕೊಂಡರು. ನಲವತ್ತು ವರ್ಷಗಳಲ್ಲಿ ನೂರಾರು ಸ್ಥಳಗಳಿಂದ ಕೂಡಿಸಿದ ಸಾವಿರಾರು ಕಲ್ಲಿನ ಆಯುಧಗಳು, ಮಡಕೆಯ ಚೂರುಗಳು, ಬಳೆಯ ತುಂಡುಗಳು ಅವರ ಬಳಿ ಇದ್ದವು. ಇವು ಇಂಗ್ಲೆಂಡಿನ ಯಾವುದಾದರೂ ಸಂಗ್ರಹಾಲಯಕ್ಕೆ ಸೇರಿಹೋಗಬಹುದಿತ್ತು. ಹಾಗಾಗದೆ 1904ರಲ್ಲಿ ಇಡೀ ಸಂಗ್ರಹವು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿತು. ಅನಂತರ ವೃದ್ಧರಾದ ಫೂಟರು ಒಂದೊಂದು ವಸ್ತುವಿಗೂ ಸಂಖ್ಯೆ ಕೊಟ್ಟು, ಯಾವ ಊರು, ಯಾವ ದಿಬ್ಬ, ಯಾವ ಹಳ್ಳವೆಂದು ಬರೆದು ವಿವರಪಟ್ಟಿಯನ್ನು ಸಿದ್ಧಪಡಿಸಿದರು. ಅದು ಅಚ್ಚಾಗಿ ಹೊರಬಿದ್ದುದು 1914 ಮತ್ತು 1916ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ಅವರು ತೀರಿಕೊಂಡರು. ಏರ್ಕಾಡಿನ ಇಗರ್ಜಿಯಲ್ಲಿ ಅವರ ಸ್ಮಾರಕವಿದೆ.

ಮಹನೀಯರ ಚರಿತ್ರೆಯನ್ನು ಬರೆಯುವಾಗ ಗುಣಗಳನ್ನಷ್ಟೇ ಹೇಳುವುದು ನ್ಯಾಯವಲ್ಲ. ಹಳೆಯ ಶಿಲಾಯುಗಕ್ಕೂ ನೂತನ ಶಿಲಾಯುಗಕ್ಕೂ ನಡುವೆ ನಮ್ಮ ದೇಶದಲ್ಲಿ ಬಹುದೀರ್ಘವಾದ ಬರಿಯ ಕಾಲವಿತ್ತೆಂದು ಫೂಟರು ಎಣಿಸಿದ್ದರು. ಆ ನಡುಗಾಲದ ಜನರ ಸಣ್ಣ ಕಲ್ಲಿನ ಆಯುಧಗಳು ಮುಂದೆ ಅನೇಕ ಕಡೆ ದೊರೆತು ಆ ಎಣಿಕೆ ತಪ್ಪೆಂದು ತಿಳಿಯಿತು. ಅವರು ಪರರಾಜ್ಯದ ನೌಕರರು. ಅವರ ನಕ್ಷೆಗಳಿಂದ ಮೊದಲು ಲಾಭ ಪಡೆದವರು ಗಣಿಯ ಒಡೆಯರೇ ಹೊರತು ಗಣಿಯ ಊರಿನ ಬಡವರಲ್ಲ. ಗುಡಾರ ಹೊತ್ತವರು, ದಾರಿ ತೋರಿದವರು, ಮಣ್ಣು ಅಗೆದವರು ನಮ್ಮ ಹಳ್ಳಿಯ ಜನರು; ಅವರ ಹೆಸರುಗಳು ಫೂಟರ ಹೆಸರಿನಂತೆ ಪಠ್ಯಪುಸ್ತಕಗಳಿಗೆ ಬಂದಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಅದಿರು ಎಲ್ಲಿದೆಯೆಂದು ಹೇಳಿದ ಅದೇ ಲೇಖನಿಯಿಂದ ಅವರು ಕೊಡಲಿ ಎಲ್ಲಿತ್ತು, ಬೂದಿ ಎಲ್ಲಿತ್ತು ಎಂದೂ ಬರೆದಿಟ್ಟರು. ಬೆಲೆ ಬರುವ ಕಲ್ಲನ್ನೂ ಬೆಲೆ ಬಾರದ ಕಲ್ಲನ್ನೂ ಅವರು ಸಮನಾದ ಶ್ರದ್ಧೆಯಿಂದ ಕಂಡರು.

ಅವರ ಅನಂತರ ನಾವು ಹಾಗೆ ಕಂಡೆವೆ? ಸಂಡೂರಿನ ಅದಿರಿಗಾಗಿ ಬೆಟ್ಟಗಳನ್ನು ಮಿತಿಯಿಲ್ಲದೆ ಅಗೆದು, ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. ಆಮೇಲೆ ಮಿತಿಗಳನ್ನು ವಿಧಿಸಿ ಅನುಮತಿ ದೊರೆಯಿತು. ಕುಪ್ಪಗಲ್ಲಿನ ಬೆಟ್ಟದಲ್ಲಿಯೂ ಈ ಶತಮಾನದ ಆರಂಭದ ವರ್ಷಗಳಲ್ಲಿ ಕಲ್ಲುಗಣಿಯಿಂದ ಚಿತ್ರಗಳಿಗೆ ಅಪಾಯ ಬಂದಿತು. ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವಿರುವ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸು. ಅದನ್ನು ಭೂಗರ್ಭ ಸರ್ವೇಕ್ಷಣ ಇಲಾಖೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಬಳ್ಳಾರಿಯಲ್ಲಿ ಫೂಟರ ಹೆಸರಿನ ಸಂಗ್ರಹಾಲಯವೊಂದು ಏರ್ಪಟ್ಟು ಸಂಗನಕಲ್ಲಿನ ವಸ್ತುಗಳನ್ನು ಜನರಿಗೆ ತೋರಿಸುತ್ತಿದೆ. ಭೂವೈಜ್ಞಾನಿಕ ತಾಣಗಳ ರಕ್ಷಣೆಗೆಂದೇ ಒಂದು ಕಾನೂನಿನ ಕರಡನ್ನು ಕೇಂದ್ರ ಸರಕಾರ 2022ರಲ್ಲಿ ಪ್ರಕಟಿಸಿತು.

ನಾವಿರುವ ನಗರವೂ ಈ ಸಂಪತ್ತಿನಲ್ಲಿ ಬಡವಲ್ಲ. ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ಎಂಬ ಕರಿಗಲ್ಲಿನ ಕಂಬ ಸುಮಾರು ಇನ್ನೂರು ಅಡಿ ಎತ್ತರ ನಿಂತಿದೆ. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಕುದಿಯುತ್ತ ಬಂದ ಲಾವಾರಸ ಆರಿ ಕಂಬಕಂಬವಾಗಿ ಸೀಳಿದ ಗುರುತು ಅದರ ಮೈಮೇಲೆ ಕಾಣುತ್ತದೆ. ಸುತ್ತಲೂ ಕಲ್ಲು ಒಡೆದು ಒಡೆದು ಉಳಿದದ್ದು ಅದಿಷ್ಟೆ; 2007ರಲ್ಲಿ ಮಹಾನಗರಪಾಲಿಕೆ ಅದನ್ನು ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ವರಳಿಯ ಗುಡ್ಡದ ಲಾವಾ ಪದರಗಳ ನಡುವಣ ಕೆಸರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಗಳು ದೊರೆತು 1847ರಲ್ಲಿಯೇ ಲಂಡನ್ನಿನ ಪಂಡಿತ ಓವೆನ್ನರು ಅವನ್ನು ವರ್ಣಿಸಿದ್ದರು. ಎರಡು ಲಾವಾಪ್ರವಾಹಗಳ ನಡುವಣ ಬಿಡುವಿನಲ್ಲಿ ಇಲ್ಲಿ ಕೆರೆಯಿತ್ತು, ಮಳೆಗೆ ಕಪ್ಪೆ ವಟಗುಟ್ಟುತ್ತಿತ್ತು ಎಂದು ಆ ಎಲುಬುಗಳು ಹೇಳುತ್ತವೆ. ಧಾರಾವಿಯಿಂದ ಅಲ್ಲಿಗೆ ಬಸ್ಸಿನ ದಾರಿ ಎಷ್ಟು ದೂರ?

ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಕಟ್ಟಡದ ಕೆಲಸದವರು. ಜಲ್ಲಿ, ಮರಳು, ಫರಸಿಗಳಿಂದಲೇ ನಿಮ್ಮ ಮನೆಯ ಒಲೆ ಉರಿಯುತ್ತದೆ. ಕಲ್ಲನ್ನು ಒಡೆಯಬೇಡಿರೆಂದು ನಿಮಗೆ ಹೇಳುವಷ್ಟು ಮರೆವು ನನಗಿಲ್ಲ. ಒಡೆದ ಕಲ್ಲಿನಿಂದಲೇ ನಾನೂ ಓದಿದವನು. ಆದರೆ ಪಲ್ಲಾವರಂನ ಗುಂಡಿಯೂ ಜಲ್ಲಿಯ ಗುಂಡಿಯೇ ಆಗಿತ್ತೆಂಬುದನ್ನು ನೆನಪಿಡಿರಿ. ಅಲ್ಲಿ ಅಗೆದವರೂ ಇದ್ದರು, ನೋಡಿದವರೊಬ್ಬರೂ ಇದ್ದರು. ನಮ್ಮೂರ ಗುಡ್ಡದಲ್ಲಿ ಅಗೆಯುವವರು ನೂರು ಮಂದಿ ಇದ್ದರು, ನೋಡುವವರು ಒಬ್ಬರೂ ಇರಲಿಲ್ಲ. ಆ ಗೂಳಿಗಳ ಒಂದು ಚಿತ್ರವನ್ನಾದರೂ ನನ್ನ ಪಾಟಿಯ ಮೇಲೆ ಬರೆದುಕೊಂಡು, ಮೇಷ್ಟರಿಗೆ ತೋರಿಸಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈ ಬೇಸಗೆಯ ರಜೆಗೆ ನೀವು ಊರಿಗೆ ಹೋಗುತ್ತೀರಿ. ಗುಡ್ಡ, ಹಳ್ಳ, ಬೂದಿಯ ದಿಬ್ಬ, ಕಟ್ಟೆಯ ಮೇಲಿನ ನುಣುಪುಗಲ್ಲು ಕಂಡಲ್ಲಿ ನಿಂತು ನೋಡಿರಿ. ಕಲ್ಲನ್ನು ಜೇಬಿಗೆ ಹಾಕಿಕೊಂಡು ಬರಬೇಡಿರಿ. ಜಾಗ ಬಿಟ್ಟ ಕಲ್ಲು ಅರ್ಧ ಕಥೆಯನ್ನು ಅಲ್ಲಿಯೇ ಬಿಟ್ಟು ಬರುತ್ತದೆ. ಇದ್ದಲ್ಲಿಯೇ ಇಟ್ಟು ಚಿತ್ರ ಬರೆಯಿರಿ, ಊರ ಹೆಸರು, ದಿಕ್ಕು, ತಾರೀಖು ಬರೆದುಕೊಳ್ಳಿರಿ. ಶಾಲೆ ತೆರೆದ ಮೇಲೆ ಆ ಪುಟವನ್ನು ನನಗೆ ತಂದು ತೋರಿಸಿರಿ. ಫೂಟರ ಕೆಲಸವೂ ಅಂಥ ಒಂದು ಪುಟದಿಂದಲೇ ಆರಂಭವಾಯಿತು.